ರಿಯೋಹಾ ಕುಡಿಯುವಾಗ ದ್ರಾಕ್ಷಿ ಯಾವುದು, ಮರ ಯಾವುದು

ಸ್ಪೇನಿನ ರಿಯೋಹಾ ಪ್ರದೇಶದ ಲೊಗ್ರೊನ್ಯೊ ಊರಿಗೆ ಬಂದ ಮೊದಲ ವರ್ಷ, ಇಲ್ಲಿನ ಕೆಂಪು ವೈನ್ ಅಂದರೆ ವೆನಿಲ್ಲಾ, ಒಣಕೊಬ್ಬರಿಯ ವಾಸನೆ ಎಂದೇ ನಂಬಿದ್ದೆ. ಅದು ದ್ರಾಕ್ಷಿಯದ್ದಲ್ಲ, ವೈನ್ ಮಾಗಿಸುವ ಓಕ್ ಮರದ ಪೀಪಾಯಿಯದ್ದು ಅಂತ ಗೊತ್ತಾಗಿದ್ದು ಎರಡು ಲೋಟ ಅಕ್ಕಪಕ್ಕ ಇಟ್ಟುಕೊಂಡು ಕುಡಿದ ದಿನ. ನೀವೂ ಹಾಗೇ ಶುರುಮಾಡಿ.

ಇಲ್ಲಿನ ಮುಖ್ಯ ದ್ರಾಕ್ಷಿ ಟೆಂಪ್ರಾನಿಯೊ. ‘ಟೆಂಪ್ರಾನೊ’ ಅಂದರೆ ಸ್ಪ್ಯಾನಿಷ್‌ನಲ್ಲಿ ಬೇಗ. ಜೊತೆಯ ಗಾರ್ನಾಚಾ ತಳಿಗಿಂತ ಮುಂಚೆಯೇ ಹಣ್ಣಾಗುತ್ತದೆ. ತೀರಾ ಹುಳಿಯಲ್ಲ, ಘಮ ಅಬ್ಬರದ್ದಲ್ಲ. ಅದಕ್ಕೇ ಓಕ್ ಮರದ ಗುಣವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ.

ಎರಡು ಬಾಟಲಿ ತನ್ನಿ, ಒಂದು ಪೀಪಾಯಿಯಲ್ಲಿ ಮಾಗಿದ್ದು, ಇನ್ನೊಂದು ಮರ ಸೋಕದ್ದು. ಸಾಧ್ಯವಾದರೆ ಒಂದೇ ತಯಾರಕರದ್ದು. ಹಿಂಬದಿಯ ಮುದ್ರೆ ನೋಡಿ. ಕೆಂಪು ಮುದ್ರೆ ಕ್ರಿಯಾನ್ಸಾ: ಕನಿಷ್ಠ 2 ವರ್ಷ ಮಾಗಿದ್ದು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ಹಸಿರು ಮುದ್ರೆಯದು ಸಾಮಾನ್ಯವಾಗಿ ಹೋವೆನ್, ಅಂದರೆ ಎಳೆಯದು. ಆದರೆ ಹಸಿರು ಕಂಡ ಮಾತ್ರಕ್ಕೆ ಮರ ಸೋಕಿಲ್ಲ ಅಂತ ತಿಳಿಯಬೇಡಿ. ‘ಸಿನ್ ಮದೇರಾ’, ಮರವಿಲ್ಲದ್ದು, ಅಂತಲೇ ಕೇಳಿ. ಎರಡರಲ್ಲೂ 100% ಟೆಂಪ್ರಾನಿಯೊ ಇದ್ದರೆ ಹೋಲಿಕೆ ಸುಲಭ. 5 ವರ್ಷ ಮಾಗಿಸಿದ ಗ್ರಾನ್ ರೆಸೆರ್ವಾವನ್ನು ಈಗಲೇ ಕೊಳ್ಳಬೇಡಿ.

ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಮ್ಮೆ ಆಗಸ್ಟ್ ಸೆಕೆಯಲ್ಲಿ ಅಡುಗೆಮನೆ ಕಟ್ಟೆಯ ಮೇಲಿದ್ದ ಬಾಟಲಿಯನ್ನು ಹಾಗೇ ತೆರೆದೆ. ಮದ್ಯಸಾರದ ಘಾಟು ಬಿಟ್ಟರೆ ಬೇರೇನೂ ಮೂಗಿಗೆ ಹತ್ತಲಿಲ್ಲ. ಕ್ರಿಯಾನ್ಸಾಗೆ 16 ಡಿಗ್ರಿ ಆಸುಪಾಸು ಸರಿ. ಬೆಂಗಳೂರಿನ ಏಪ್ರಿಲ್‌ನಲ್ಲಂತೂ ಇದನ್ನು ಮರೆಯಬೇಡಿ.

ಒಂದೇ ಆಕಾರದ ಎರಡು ಲೋಟಕ್ಕೆ ಎರಡೆರಡು ಬೆರಳು ಸುರಿಯಿರಿ. ಬಿಳಿ ಹಾಳೆಯ ಮೇಲೆ ಓರೆ ಮಾಡಿ. ಎಳೆಯದರ ಅಂಚು ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಮಾಗಿದಂತೆ ಆ ನೇರಳೆ ಹೋಗಿ ನಿಧಾನಕ್ಕೆ ಇಟ್ಟಿಗೆ ಕೆಂಪು ಬರುತ್ತದೆ. ಮೂಸುವಾಗ ಎಳೆಯದೇ ಮೊದಲು: ಚೆರ್ರಿ, ಸ್ಟ್ರಾಬೆರಿ. ಆ ವಾಸನೆ ಮನಸ್ಸಿನಲ್ಲಿ ಕೂರಲಿ. ಆಮೇಲೆ ಕ್ರಿಯಾನ್ಸಾ. ಇಲ್ಲಿ ಬಹುಕಾಲದಿಂದ ಬಳಸುವ 225 ಲೀಟರಿನ ಅಮೆರಿಕನ್ ಓಕ್ ಪೀಪಾಯಿಯಾದರೆ ಕೊಬ್ಬರಿ, ವೆನಿಲ್ಲಾ ಮೇಲೆದ್ದು ಬರುತ್ತವೆ. ಆಗ ತಾನೇ ತುರಿದ ಒಣಕೊಬ್ಬರಿಯ ಪರಿಚಯವಿರುವ ಮೂಗಿಗೆ ಇದು ತಪ್ಪುವುದೇ ಇಲ್ಲ. ಫ್ರೆಂಚ್ ಓಕ್ ಆದರೆ ಲವಂಗದ ಛಾಯೆ.

ಇಪ್ಪತ್ತು ನಿಮಿಷ ಬಿಟ್ಟು ಕ್ರಿಯಾನ್ಸಾವನ್ನು ಮತ್ತೆ ಮೂಸಿ, ಕೊಬ್ಬರಿಯ ಅಡಿಯಲ್ಲಿ ಆ ಚೆರ್ರಿಯನ್ನು ಹುಡುಕಿ. ಸಿಕ್ಕರೆ ಒಳ್ಳೆಯ ವೈನ್. ಬರೀ ಮರವೇ ಆದರೆ, ಬೆಲೆ ಎಷ್ಟೇ ಇರಲಿ, ನಾನು ಅದನ್ನು ಮತ್ತೆ ಕೊಳ್ಳುವುದಿಲ್ಲ.

ತಿನ್ನಲು ಇಲ್ಲಿ ಒಣಗಿದ ದ್ರಾಕ್ಷಿ ಕಡ್ಡಿಗಳ ಕೆಂಡದಲ್ಲಿ ಸುಟ್ಟ ಎಳೆ ಕುರಿಯ ಪಕ್ಕೆ ಮಾಂಸ ಕೊಡುತ್ತಾರೆ. ಕ್ರಿಯಾನ್ಸಾದ ಒಗರು ಆ ಕೊಬ್ಬಿನ ಜೊತೆ ಕರಗಿಹೋಗುತ್ತದೆ. ಶಾಕಾಹಾರಿಗಳಿಗೆ ಬೆಳ್ಳುಳ್ಳಿ ಹಾಕಿ ಹುರಿದ ಅಣಬೆ. ಖಾರದ ಸಾರು, ಪಲ್ಯದ ಜೊತೆ ಬೇಡ, ಉರಿ ಇನ್ನೂ ಹೆಚ್ಚುತ್ತದೆ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಮುಂದಿನ ಸಲ ಸ್ಪೇನಿನದೇ ಇನ್ನೊಂದು ವೈನ್ ಪ್ರದೇಶವಾದ ರಿಬೇರಾ ದೆಲ್ ದುಯೆರೊದ ಒಂದು ಬಾಟಲಿ ಸೇರಿಸಿಕೊಳ್ಳಿ. ಅಲ್ಲಿ ಇದೇ ದ್ರಾಕ್ಷಿಯನ್ನು ‘ಟಿಂಟೊ ಫಿನೊ’ ಅನ್ನುತ್ತಾರೆ, ಮತ್ತು ಬಣ್ಣ ನೋಡಿದರೆ ಒಂದೇ ತಳಿ ಅಂತ ನಂಬುವುದೇ ಕಷ್ಟ.