ಬೇಕಿತ್ತು, ಬಾರದಿತ್ತು, ಚೆನ್ನಾಗಿತ್ತು: ನಾನು ‘ವಿಶ್’ ಕಲಿತ ಕಥೆ

ಬೆಂಗಳೂರಿನ ಒಂದು ಕಂಪನಿಯ ಕಸ್ಟಮರ್ ಸಪೋರ್ಟ್ ಟೀಮಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದು ಸರ್ವರ್ ಕೈಕೊಟ್ಟಿತ್ತು. ಅದನ್ನು ಇಂಗ್ಲೆಂಡಿನ ಗ್ರಾಹಕರಿಗೆ ಅವತ್ತೇ ತಿಳಿಸಬೇಕಿತ್ತು. ನಾನು ಮರೆತೆ. ಮಾರನೇ ದಿನ ತಪ್ಪೊಪ್ಪಿಕೊಂಡು ಮೇಲ್ ಬರೆದೆ: ‘ಐ ಹ್ಯಾಡ್ ಟು ಇನ್‌ಫಾರ್ಮ್ ಯು ಯೆಸ್ಟರ್‌ಡೇ.’ ನನ್ನ ತಲೆಯಲ್ಲಿ ಇದ್ದದ್ದು ‘ನಿನ್ನೆಯೇ ತಿಳಿಸಬೇಕಿತ್ತು, ತಪ್ಪಾಯ್ತು’ ಅಂತ. ಅವರು ಓದಿಕೊಂಡದ್ದು ‘ನಿನ್ನೆ ನಿಮಗೆ ತಿಳಿಸಲೇಬೇಕಾಗಿ ಬಂತು, ತಿಳಿಸಿದೆ’ ಅಂತ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಯಾವಾಗ ತಿಳಿಸಿದಿರಿ, ಯಾರಿಗೆ ತಿಳಿಸಿದಿರಿ, ನಮಗೆ ಯಾವ ಮೇಲೂ ಬಂದಿಲ್ಲವಲ್ಲ? ತಪ್ಪು ಒಪ್ಪಿಕೊಳ್ಳಲು ಹೋದವನು ಸುಳ್ಳುಗಾರನಾಗಿ ಕೂತಿದ್ದೆ.

ಟೀಮ್ ಲೀಡ್ ಮೇಡಂ ನೋಡಿ ನಕ್ಕರು. ‘ಹ್ಯಾಡ್ ಟು ತೆಗೀರಿ, ಶುಡ್ ಹ್ಯಾವ್ ಇನ್‌ಫಾರ್ಮ್ಡ್ ಅಂತ ಹಾಕಿ’ ಅಂದರು. ಹಾಕಿದೆ. ಆದರೆ ಯಾಕೆ ಅಂತ ಗೊತ್ತಾಗಲಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಇಂಗ್ಲಿಷ್ ವಾಕ್ಯ ಮೊದಲು ಕನ್ನಡದಲ್ಲೇ ಹುಟ್ಟುತ್ತಿತ್ತು. ಹಾಗಾಗಿ ಗಂಟು ಇರುವುದು ಕನ್ನಡದಲ್ಲೇ ಇರಬೇಕು ಅನ್ನಿಸಿತು.

ಗಂಟು ಸಿಕ್ಕಿದ್ದು ‘ಬೇಕಿತ್ತು’ ಅನ್ನುವ ಪದದಲ್ಲಿ. ‘ನಿನ್ನೆ ಆಸ್ಪತ್ರೆಗೆ ಹೋಗಬೇಕಿತ್ತು, ಅದಕ್ಕೇ ರಜೆ ಹಾಕಿದೆ’ ಅನ್ನುತ್ತೇವೆ. ಇಲ್ಲಿ ಹೋಗಿ ಬಂದಿದ್ದೇವೆ. ‘ನಿನ್ನೆಯೇ ಆಸ್ಪತ್ರೆಗೆ ಹೋಗಬೇಕಿತ್ತು, ಈಗ ನೋಡು ಜ್ವರ ಜಾಸ್ತಿಯಾಯ್ತು’ ಅಂತಲೂ ಅನ್ನುತ್ತೇವೆ. ಇಲ್ಲಿ ಹೋಗೇ ಇಲ್ಲ. ಪದ ಒಂದೇ. ನಮಗೆ ಗೊಂದಲ ಆಗುವುದಿಲ್ಲ, ಯಾಕಂದರೆ ಮುಂದಿನ ಮಾತು, ದನಿ, ಆ ‘ನಿನ್ನೆಯೇ’ಯ ಏಕಾರ ಎಲ್ಲ ಸೇರಿ ಹೇಳಿಬಿಡುತ್ತವೆ. ಇಂಗ್ಲಿಷ್ ಮಾತ್ರ ಇವೆರಡನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತದೆ. ಮೊದಲನೆಯದು ‘ಹ್ಯಾಡ್ ಟು ಗೋ’, ಎರಡನೆಯದು ‘ಶುಡ್ ಹ್ಯಾವ್ ಗಾನ್’. ಅಂದಿನಿಂದ ‘ಬೇಕಿತ್ತು’ ಬಾಯಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಆ ಕೆಲಸ ಆಯ್ತಾ, ಆಗಲಿಲ್ವಾ? ಆಗಿದ್ದರೆ ‘ಹ್ಯಾಡ್ ಟು’. ಆಗದೆ ಕೈ ಹಿಸುಕಿಕೊಳ್ಳುತ್ತಿದ್ದರೆ ‘ಶುಡ್ ಹ್ಯಾವ್’. ಇನ್ನು ‘ಸಾರ್, ಒಂದು ವಿಷಯ ಕೇಳಬೇಕಿತ್ತು’ ಅನ್ನುವುದಿದೆಯಲ್ಲ, ಅದು ಈ ಎರಡೂ ಅಲ್ಲ. ಸುಮ್ನೆ ಮರ್ಯಾದೆಗೆ. ‘ಐ ವಾಂಟೆಡ್ ಟು ಆಸ್ಕ್’ ಅಂದರೆ ಸಾಕು.

‘ವಿಶ್’ ವಿಷಯಕ್ಕೆ ಬಂದಾಗ ಇನ್ನೂ ಜಾಸ್ತಿ ಒದ್ದಾಡಿದೆ. ವ್ಯಾಕರಣದ ಪುಸ್ತಕದಲ್ಲಿ ಒಂದು ಕೋಷ್ಟಕ ಇತ್ತು: ಈಗಿನ ಆಸೆಗೆ ಪಾಸ್ಟ್ ಟೆನ್ಸ್, ಅಂದರೆ ಭೂತಕಾಲ; ಹಿಂದಿನ ಕೊರಗಿಗೆ ಪಾಸ್ಟ್ ಪರ್ಫೆಕ್ಟ್, ಅಂದರೆ ‘ಹ್ಯಾಡ್’ ಸೇರಿದ ಭೂತಕಾಲ. ಬಾಯಿಪಾಠ ಮಾಡಿದೆ. ಮಾತಾಡುವಾಗ ಒಂದೂ ನೆನಪಾಗುತ್ತಿರಲಿಲ್ಲ. ಈಗಿನ ಮಾತಿಗೆ ಭೂತಕಾಲ ಯಾಕೆ ಅನ್ನುವುದೇ ಮನಸ್ಸಿಗೆ ಹಿಡಿಸಿರಲಿಲ್ಲ.

ಒಂದು ಸಂಜೆ ಸಿಲ್ಕ್ ಬೋರ್ಡ್ ಹತ್ತಿರ ಮಳೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಪಕ್ಕದಲ್ಲಿದ್ದ ಗೆಳೆಯನಿಗೆ ‘ಈಗ ಒಂದು ಬಿಸಿ ಕಾಫಿ ಸಿಕ್ಕಿದ್ರೆ ಚೆನ್ನಾಗಿತ್ತು’ ಅಂದೆ. ಅಂದವನು ಅಲ್ಲೇ ನಿಂತೆ. ಚೆನ್ನಾಗಿತ್ತು? ಕಾಫಿ ಇನ್ನೂ ಬಂದಿಲ್ಲ. ಬೇಕಾಗಿರುವುದು ಈಗ. ಮತ್ತೆ ‘ಇತ್ತು’ ಎಲ್ಲಿಂದ ಬಂತು? ನಾವೂ ಅದನ್ನೇ ಮಾಡುತ್ತೇವೆ! ಆ ‘ಇತ್ತು’ ಹೋದ ಕಾಲದ್ದಲ್ಲ, ಕೈಗೆಟುಕದ್ದರ ಗುರುತು. ‘ಸಿಕ್ಕಿದ್ರೆ ಚೆನ್ನಾಗಿರುತ್ತೆ’ ಅಂದರೆ ಸಿಗುವ ಭರವಸೆ ಇದೆ. ‘ಚೆನ್ನಾಗಿತ್ತು’ ಅಂದ ತಕ್ಷಣ ಕಾಫಿ ನಾಲ್ಕು ಹೆಜ್ಜೆ ದೂರ ಹೋಗುತ್ತದೆ. ‘ಐ ವಿಶ್ ಐ ಹ್ಯಾಡ್ ಎ ಕಾಫಿ’ ಅನ್ನುವಾಗಿನ ‘ಹ್ಯಾಡ್’ ಕೂಡ ಇದೇ ಜಾತಿ.

ಹಿಂದಿನ ಕೊರಗೂ ಹೀಗೇ ಬಿಡಿಸಿಕೊಂಡಿತು. ‘ಬಂದರೆ’ ಇದ್ದದ್ದು ‘ಬಂದಿದ್ದರೆ’ ಆಗುತ್ತದಲ್ಲ, ನಡುವೆ ಒಂದು ‘ಇದ್ದ’ ಹೆಚ್ಚು ಸೇರುತ್ತದೆ. ಇಂಗ್ಲಿಷಿನವರು ಅಲ್ಲಿ ಒಂದು ‘ಹ್ಯಾಡ್’ ಸೇರಿಸುತ್ತಾರೆ. ಮೊದಲೇ ಗೊತ್ತಾಗಿದ್ದರೆ ಚೆನ್ನಾಗಿತ್ತು: ‘ಐ ವಿಶ್ ಐ ಹ್ಯಾಡ್ ನೋನ್’. ಅಷ್ಟೇ.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ. ಯಾರೋ ಸಾಲ ಕೇಳಿದಾಗ ‘ದುಡ್ಡು ಇದ್ದಿದ್ರೆ ಕೊಡ್ತಿದ್ದೆ ಕಣಪ್ಪಾ’ ಅನ್ನುತ್ತೇವೆ. ಜೇಬು ಖಾಲಿ ಇರುವುದು ಈಗ, ಆದರೂ ‘ಇದ್ದರೆ’ ಅನ್ನದೆ ‘ಇದ್ದಿದ್ದರೆ’ ಅನ್ನುತ್ತೇವೆ. ಈ ‘ಇರು’ ಈಗಿನದಕ್ಕೂ ಆಗಿನದಕ್ಕೂ ಒಂದೇ ಅಂಗಿ ತೊಡುತ್ತದೆ. ಅದನ್ನು ನಂಬಿ ನಾನು ‘ಐ ವಿಶ್ ಐ ವುಡ್ ಹ್ಯಾವ್ ಹ್ಯಾಡ್ ಮನಿ’ ಅಂತೆಲ್ಲ ರೈಲು ಬಿಡುತ್ತಿದ್ದೆ. ಈಗಿನ ಖಾಲಿ ಜೇಬಿಗೆ ‘ಐ ವಿಶ್ ಐ ಹ್ಯಾಡ್ ಮನಿ’, ಹೋದ ವರ್ಷದ ಖಾಲಿ ಜೇಬಿಗೆ ‘ಐ ವಿಶ್ ಐ ಹ್ಯಾಡ್ ಹ್ಯಾಡ್ ಮನಿ’. ಎರಡು ಹ್ಯಾಡ್ ಒಟ್ಟಿಗೆ ನೋಡಿ ಮೊದಮೊದಲು ಟೈಪಿಂಗ್ ತಪ್ಪು ಅಂದುಕೊಂಡಿದ್ದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ರಾತ್ರಿ ಮಲಗುವ ಮುಂಚೆ ಆ ದಿನದ ಒಂದು ಕೊರಗು, ಒಂದು ಆಸೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಕೊಡೆ ತರಬೇಕಿತ್ತು. ಮನೆ ಆಫೀಸಿಗೆ ಹತ್ತಿರ ಇದ್ದಿದ್ರೆ ಚೆನ್ನಾಗಿತ್ತು. ಆ ಮೀಟಿಂಗಲ್ಲಿ ಬಾಯಿ ಬಿಡಬಾರದಿತ್ತು. ಪುಸ್ತಕದ ಉದಾಹರಣೆಗಳಲ್ಲಿ ಯಾರೋ ಜಾನ್‌ಗೆ ಹಡಗು ಬೇಕು, ಮೇರಿಗೆ ಅರಮನೆ ಬೇಕು. ಅವೆಲ್ಲ ನನಗೆ ತಲೆಗೆ ಹತ್ತಲೇ ಇಲ್ಲ. ನನ್ನ ಕೊಡೆ ಹತ್ತಿತು. ‘ಐ ವಿಶ್ ಐ ವರ್’ ಸರಿಯಾ ‘ವಾಸ್’ ಸರಿಯಾ ಅನ್ನುವ ಜಗಳದಲ್ಲಿ ನಾನು ಬಹಳ ಹೊತ್ತು ನಿಲ್ಲಲಿಲ್ಲ. ಮಾತಲ್ಲಿ ಎರಡೂ ನಡೆಯುತ್ತದೆ, ಪರೀಕ್ಷೆಯಲ್ಲಿ ‘ವರ್’ ಬರೆದು ಬನ್ನಿ.

ನನಗೆ ತುಂಬ ಖುಷಿ ಕೊಟ್ಟದ್ದು ‘ವುಡ್’. ರೂಮ್‌ಮೇಟ್ ದಿನಾ ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ತಾನು ಮಾತ್ರ ಮಲಗಿರುತ್ತಿದ್ದ. ‘ಲೋ, ಅದನ್ನ ಆಫ್ ಮಾಡಬಾರ್ದಾ!’ ಅಂತ ಕಿರುಚುತ್ತಿದ್ದೆ. ಆ ‘ಬಾರ್ದಾ’ ಇದೆಯಲ್ಲ, ಅದೇ ‘ಐ ವಿಶ್ ಯು ವುಡ್’. ಆಸೆಗಿಂತ ಗೊಣಗಾಟ ಜಾಸ್ತಿ. ಈ ಮಳೆ ನಿಲ್ಲಬಾರದಾ: ‘ಐ ವಿಶ್ ಇಟ್ ವುಡ್ ಸ್ಟಾಪ್ ರೈನಿಂಗ್’. ನಮ್ಮ ಬಗ್ಗೆ ನಾವೇ ಹೀಗೆ ಗೊಣಗುವುದಿಲ್ಲ, ಅಲ್ವಾ? ಅದಕ್ಕೇ ‘ಐ ವಿಶ್ ಐ ವುಡ್’ ಅಂತ ಅವರೂ ಸಾಮಾನ್ಯವಾಗಿ ಅನ್ನುವುದಿಲ್ಲ, ‘ಐ ವಿಶ್ ಐ ಕುಡ್’ ಅನ್ನುತ್ತಾರೆ.

ಇದು ಗೊತ್ತಾದ ಮೇಲೆ ಹಳೆಯದೊಂದು ನೆನಪಾಗಿ ಕಿವಿ ಬಿಸಿಯಾಯಿತು. ಕೆಲಸ ಬಿಟ್ಟು ಹೊರಟಿದ್ದ ಹಿರಿಯ ಸಹೋದ್ಯೋಗಿಯೊಬ್ಬರ ಕಾರ್ಡಿನಲ್ಲಿ ‘ಐ ವಿಶ್ ಯು ವುಡ್ ಬಿ ಹ್ಯಾಪಿ’ ಅಂತ ಬರೆದಿದ್ದೆ. ಚೆನ್ನಾಗಿರಿ ಅಂತ ಹಾರೈಸಲು ಹೋಗಿ ‘ಸ್ವಲ್ಪ ನಗುನಗ್ತಾ ಇರಬಾರದಾ ನೀವು’ ಅಂತ ಗದರಿದ ಹಾಗಾಗಿತ್ತು! ಹಾರೈಕೆಗೆ ‘ವಿಶ್’ ಬಳಸುವುದಾದರೆ ಮುಂದೆ ಬರೀ ವಸ್ತು ಇಡಬೇಕು: ‘ಐ ವಿಶ್ ಯು ಆಲ್ ದ ಬೆಸ್ಟ್’. ಪೂರ್ತಿ ವಾಕ್ಯವೇ ಬೇಕಿದ್ದರೆ ‘ಹೋಪ್’. ‘ಐ ವಿಶ್ ಯು ವಿಲ್ ಗೆಟ್ ವೆಲ್ ಸೂನ್’ ನಮ್ಮ ಕಡೆ ವಾಟ್ಸ್‌ಆಪ್ ಗ್ರೂಪುಗಳಲ್ಲಿ ದಿನಾ ಕಾಣುತ್ತದೆ. ‘ಐ ಹೋಪ್ ಯು ಗೆಟ್ ವೆಲ್ ಸೂನ್’ ಸಾಕು.

‘ರಿಗ್ರೆಟ್’ಗೆ ಕನ್ನಡದ ಎರಡು ಅಕ್ಷರ ಸಹಾಯ ಮಾಡಿದವು. ‘ಹೇಳೋದಕ್ಕೆ ಬೇಜಾರಾಗ್ತಿದೆ’ ಅಂದರೆ ಕೆಟ್ಟ ಸುದ್ದಿ ಇನ್ನು ಬರಬೇಕು: ‘ರಿಗ್ರೆಟ್ ಟು ಸೇ’. ‘ಹೇಳಿದ್ದಕ್ಕೆ ಬೇಜಾರಾಗ್ತಿದೆ’ ಅಂದರೆ ಮಾತು ಆಗಲೇ ಬಾಯಿಂದ ಜಾರಿದೆ: ‘ರಿಗ್ರೆಟ್ ಸೇಯಿಂಗ್’.

ಇವತ್ತಿಗೂ ಕಷ್ಟವಾಗುವುದು ಕಿವಿಗೆ. ಫೋನಲ್ಲಿ ಅವರು ‘ಹ್ಯಾಡ್’ ಅನ್ನೂ ‘ವುಡ್’ ಅನ್ನೂ ನುಂಗಿ ಬರೀ ಒಂದು ‘ಡ್’ ಉಳಿಸುತ್ತಾರೆ. ‘ಐ ವಿಶ್ ಹೀಡ್ ಕಮ್’ ಅಂದರೆ ಅವನು ಬಂದಿದ್ದರೆ ಚೆನ್ನಾಗಿತ್ತು ಅಂತಲೂ ಆಗಬಹುದು, ಬರಬಾರದಾ ಅಂತಲೂ ಆಗಬಹುದು. ಮುಂದಿನ ಮಾತಿಗೆ ಕಾಯುವುದೊಂದೇ ದಾರಿ.

ನೋಟ್‌ಬುಕ್ ಮುಗಿದು ವರ್ಷಗಳಾದವು, ಚಾಳಿ ಹೋಗಿಲ್ಲ. ಕಳೆದ ತಿಂಗಳು ಹೇಳದೆ ಕೇಳದೆ ಹೊಸ ಬೈಕ್ ತಗೊಂಡೆ. ಊರಿಂದ ಅಮ್ಮ ಫೋನ್ ಮಾಡಿ ‘ಅಲ್ಲ ಕಣೋ, ನಂಗೊಂದು ಮಾತು ಹೇಳಬಾರ್ದಿತ್ತಾ?’ ಅಂದರು. ‘ಹೇಳಬಾರದಿತ್ತು’ ಅಂದರೆ ಹೇಳಿದ್ದು ತಪ್ಪು, ಕೊನೆಗೊಂದು ‘ಆ’ ಎಳೆದರೆ ಹೇಳದೆ ಇದ್ದದ್ದು ತಪ್ಪು. ಯು ಕುಡ್ ಹ್ಯಾವ್ ಟೋಲ್ಡ್ ಮಿ, ಅಂತ ಮನಸ್ಸಲ್ಲೇ ಬಲಗಡೆ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಮ್ಮ, ‘ಏನೋ, ಫೋನ್ ಇಟ್ಬಿಟ್ಯಾ?’ ಅಂದರು.