ಮಲ್ಪೆಯಲ್ಲಿ ಹಾರಿಹೋದ ಶೀಟ್ ಮಾಡು ನನ್ನನ್ನು ಓದಲು ಕೂರಿಸಿತು

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತಲ್ವಾ, ಆಗ ಮಲ್ಪೆ ಹತ್ತಿರ ಒಂದು ಮನೆಯ ಶೀಟ್ ಮಾಡು, ಅಂದರೆ ಶೀಟಿನ ಛಾವಣಿ, ಹಾರಿ ಪಕ್ಕದ ತೆಂಗಿನ ತೋಟಕ್ಕೆ ಬಿತ್ತು. ಆ ಮಾಡನ್ನು ನಿಂತು ಮಾಡಿಸಿದವನು ನಾನೇ. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಆ ಮನೆಯವರ ಮುಖ ನೋಡಲು ನನಗೆ ಆಗಲಿಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ ಹತ್ತು ವರ್ಷ ಸೈಟಿನಲ್ಲಿ ದುಡಿದಿದ್ದೆ, ಗಾಳಿಯ ಬಗ್ಗೆ ಸರಿಯಾಗಿ ಓದಿದ್ದು ಮಾತ್ರ ಅದರ ನಂತರ.

ನಮ್ಮ ಕಡೆ ತಾರಸಿ ಮನೆಗೂ ಮೇಲೊಂದು ಶೀಟ್ ಮಾಡು ಬೇಕೇ ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಸ್ಲ್ಯಾಬ್ ಸೋರುತ್ತದೆ, ಬಟ್ಟೆ ಒಣಗಿಸಲೂ ಜಾಗ ಇರುವುದಿಲ್ಲ. ನಾಲ್ಕೂ ಬದಿ ತೆರೆದಿರುವ ಮಾಡು ಅದು. ಗಾಳಿ ಅದನ್ನು ಮೇಲಿಂದ ಎಳೆಯುತ್ತದೆ, ಅಡಿಯಿಂದಲೂ ಎತ್ತುತ್ತದೆ. ಭಾರ ಕೆಳಗೆ ಇಳಿಯುವುದನ್ನಷ್ಟೇ ನಾವು ಯೋಚಿಸಿರುತ್ತೇವೆ.

ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿ ಕಡಲ ಕಟ್ಟಡಗಳ ಬಗ್ಗೆಯೇ ಎಂ.ಟೆಕ್ ಉಂಟು, ಆದರೆ ಡಿಪ್ಲೊಮಾದವನಿಗೆ ಆ ದಾರಿ ಇಲ್ಲ. ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ವಿಡಿಯೋಗಳನ್ನು ರಾತ್ರಿ ಊಟ ಆದ ಮೇಲೆ ನೋಡುತ್ತಿದ್ದೆ. ಕಟ್ಟಡದ ಮೇಲಿನ ಭಾರಗಳಿಗೆ ದೇಶದ ಮಾನಕ ಪುಸ್ತಕ ಐಎಸ್ 875, ಅದರಲ್ಲಿ ಗಾಳಿಗೆ ಇರುವ ಮೂರನೇ ಭಾಗವನ್ನು ಇಳಿಸಿಕೊಂಡೆ, ಮಾನಕ ಸಂಸ್ಥೆ ಬಿಐಎಸ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮಂಗಳೂರಿಗೆ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್ ಎಂದಿದೆ, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಸೆಕೆಂಡಿನ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಲೆಕ್ಕ ಹಾಕಿದೆ, ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ ಹತ್ತಿರ ಹತ್ತಿರ 93 ಕಿಲೋ ತೂಕದಷ್ಟು ಬಂತು. ಎತ್ತರ, ಜಾಗ, ಮಾಡಿನ ಆಕಾರ ನೋಡಿ ಇದು ಹೆಚ್ಚು ಕಡಿಮೆ ಆಗುತ್ತದೆ, ಸರಿ. ಆದರೆ ಬಿದ್ದಿದ್ದ ಶೀಟು, ಪೈಪು ಎಲ್ಲ ಸೇರಿ ಚದರ ಮೀಟರಿಗೆ 15 ಕಿಲೋ ಕೂಡ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಟೇಪ್ ಹಿಡಿದು ತೋಟಕ್ಕೆ ಹೋದೆ, ಆ ಮಾಡು ಇನ್ನೂ ಅಲ್ಲೇ ಬಿದ್ದಿತ್ತು. ಶೀಟಿನ ಸ್ಕ್ರೂ ಗಟ್ಟಿ ಇತ್ತು. ವೆಲ್ಡಿಂಗೂ ಬಿಟ್ಟಿರಲಿಲ್ಲ. ಕಂಬದ ಬುಡದ ಪ್ಲೇಟ್ ತಿರುಗಿಸಿ ನೋಡಿದರೆ ಎರಡು ಬೋಲ್ಟ್, ಅದರ ತುದಿಯಲ್ಲಿ ಮುಷ್ಟಿ ಗಾತ್ರದ ಕೆಂಪು ಮುರಕಲ್ಲಿನ ತುಂಡು ಕಚ್ಚಿಕೊಂಡೇ ಇತ್ತು. ಕಂಬವನ್ನು ನಾನು ತಾರಸಿಯ ಮುರಕಲ್ಲಿನ ಕಟ್ಟೆಗೆ ಬಿಗಿಸಿದ್ದೆ. ಆ ಕಲ್ಲು ಭಾರ ಹೊರುತ್ತದೆ, ಎಳೆತ ತಾಳುವುದಿಲ್ಲ.

ಈಗ ಓದುವಾಗಲೂ ಹಾಗೇ ಮಾಡುತ್ತೇನೆ. ಶೀಟಿನಿಂದ ಶುರು ಮಾಡಿ ಸ್ಕ್ರೂ, ಶೀಟಿನ ಅಡಿಯ ಅಡ್ಡ ಪಟ್ಟಿ (ಪರ್ಲಿನ್), ಕಂಬ, ಪ್ಲೇಟ್, ಬೀಮು, ಹೀಗೆ ನೆಲದವರೆಗೂ ಎಳೆತ ಎಲ್ಲೆಲ್ಲಿ ದಾಟುತ್ತದೆ ಎಂದು ಬೆರಳಿಟ್ಟು ನೋಡುತ್ತೇನೆ. ಕಂಬಕ್ಕೆ ಬೇಕಾದ ಬೋಲ್ಟನ್ನು ಬೀಮಿಗೆ ಕಾಂಕ್ರೀಟ್ ಹಾಕುವಾಗಲೇ ಒಳಗೆ ಹುಗಿಸುತ್ತೇನೆ. "ಇಷ್ಟು ಉದ್ದ ಯಾಕೆ ಮಾರಾಯ್ರೆ" ಎಂದು ಮೇಸ್ತ್ರಿ ಕೇಳಿದರೆ ಮೊಬೈಲಿನಲ್ಲಿ ಆ ಮುರಕಲ್ಲಿನ ಫೋಟೋ ತೋರಿಸುತ್ತೇನೆ. ಚಂಡಮಾರುತಕ್ಕೆಂದು ಐಎಸ್ 875 ಪುಸ್ತಕದಲ್ಲಿ ಹೆಚ್ಚುವರಿ ಲೆಕ್ಕ ಇರುವುದು ಪೂರ್ವ ಕರಾವಳಿಗೆ ಮತ್ತು ಗುಜರಾತಿಗೆ, ನಮಗಿಲ್ಲ. ಆದರೂ ಶಾಲೆ, ಆಸ್ಪತ್ರೆ ಎಂದರೆ ನಾನು ಅಲ್ಲಿಯಂತೆ ಗಾಳಿಯ ವೇಗವನ್ನು 1.3ರಿಂದ ಗುಣಿಸಿಯೇ ಲೆಕ್ಕ ಹಾಕುತ್ತೇನೆ, ಗಾಳಿ ಎದ್ದ ದಿನ ಜನ ಓಡಿ ಬರುವುದು ಅಲ್ಲಿಗೇ.

ಗಾಳಿಗಿಂತ ಮೊದಲು ಕೆಲಸ ಕೆಡಿಸುವುದು ಉಪ್ಪು. ಉಪ್ಪಿನಿಂದ ತುಕ್ಕು ಹಿಡಿದ ಕಬ್ಬಿಣ ಊದಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕಡಲ ಹತ್ತಿರದ ಹಳೇ ಸಜ್ಜಾಗಳನ್ನು ಸುತ್ತಿಗೆಯಿಂದ ಮೆಲ್ಲ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಅಲೆಯ ಹನಿ ಹಾರಿ ಬೀಳುವ ಜಾಗಕ್ಕೆ ಕಾಂಕ್ರೀಟಿನ ಮಾನಕ ಐಎಸ್ 456 ಕೇಳುವುದು 50 ಮಿಲಿಮೀಟರ್ ಕವರ್ (ರಾಡಿನ ಮೇಲಿರುವ ಕಾಂಕ್ರೀಟಿನ ದಪ್ಪ), ಮತ್ತು ಎಂ35 ಎಂಬ ಬಲದ ದರ್ಜೆಯ ಕಾಂಕ್ರೀಟ್. ಸೈಟಿನಲ್ಲಿ ರಾಡಿನ ಅಡಿಗೆ ಸುಮ್ನೆ ಜಲ್ಲಿ ಚೂರು ಇಡುತ್ತಾರೆ. ನಾನು ರಾಡನ್ನು ಆ ದೂರದಲ್ಲಿ ಹಿಡಿಯುವ ಕವರ್ ಬ್ಲಾಕ್ ಎಣಿಸಿದ ಮೇಲೇ ಕಾಂಕ್ರೀಟ್ ಹಾಕಿಸುವುದು.

ಈಗ ಅಲೆಯ ಲೆಕ್ಕ ಓದುತ್ತಿದ್ದೇನೆ. ಅಲೆಯ ಎತ್ತರ ಎರಡರಷ್ಟಾದರೆ ತಡೆಗೋಡೆಯ ಕಲ್ಲಿನ ತೂಕ ಎಂಟರಷ್ಟು ಬೇಕು, ಹಡ್ಸನ್ ಸೂತ್ರ ಹೇಳುವುದು ಅದನ್ನೇ. ಆದರೆ ಎಷ್ಟು ದೊಡ್ಡ ಕಲ್ಲು ಹಾಕಿದರೂ ಬುಡದ ಮರಳನ್ನು ಅಲೆ ಕೊರೆದರೆ ಗೋಡೆ ಕುಸಿಯುತ್ತದೆ. ಅದನ್ನು ನೋಡಲೆಂದೇ ಉಳ್ಳಾಲಕ್ಕೆ ಹೋಗಿದ್ದೆ, ಆಗ ಭರತ ಇತ್ತು, ಕಡಲ ನೀರು ಏರಿತ್ತು. ಮುಂದಿನ ಸಲ ಇಳಿತದ ಹೊತ್ತು ನೋಡಿಯೇ ಹೋಗಬೇಕು, ಗೋಡೆಯ ಬುಡ ಕಾಣುವುದು ಆಗ ಮಾತ್ರ.