ಪ್ರೌಢಶಾಲೆಯಲ್ಲಿ ಕಿನ್ನಾಳ ಕಲೆಯ ಐಚ್ಛಿಕ ತರಗತಿ: ನಡೆಸುವ ಕ್ರಮ

ಕಲೆ ಮತ್ತು ಕೈಕೆಲಸದ ಐಚ್ಛಿಕ ಪಾಠವೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ವಾರ ಕಾಗದದ ಹೂವು, ಮುಂದಿನ ವಾರ ಥರ್ಮಾಕೋಲ್ ಮನೆ, ಅದರ ಮುಂದಿನ ವಾರ ರಂಗೋಲಿ ಎಂಬಂತೆ ಸಾಗುತ್ತದೆ. ವರ್ಷ ಮುಗಿಯುವ ಹೊತ್ತಿಗೆ ಪ್ರದರ್ಶನದ ಮೇಜು ತುಂಬಿರುತ್ತದೆ, ಮಕ್ಕಳ ಕೈಗೆ ಮಾತ್ರ ಯಾವ ಕೆಲಸವೂ ಹತ್ತಿರುವುದಿಲ್ಲ. ಕೊಪ್ಪಳ ಜಿಲ್ಲೆಯ ಶಿಕ್ಷಕರಿಗೆ ನನ್ನ ಸಲಹೆ ಇಷ್ಟೇ: ಒಂದೇ ಕಸುಬನ್ನು ಆರಿಸಿಕೊಂಡು, ಕಚ್ಚಾ ಸಾಮಗ್ರಿ ಸಿದ್ಧಪಡಿಸುವುದರಿಂದ ಮೊದಲುಗೊಂಡು ಬಣ್ಣ ಒಣಗುವವರೆಗೆ ಇಡೀ ವರ್ಷ ಅದನ್ನೇ ಕಲಿಸಬೇಕು. ಇದಕ್ಕೆ ಕಿನ್ನಾಳದ ಗೊಂಬೆ ಕಲೆಗಿಂತ ಹತ್ತಿರದ್ದು ಬೇರೊಂದಿಲ್ಲ. ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆ) ಮಾನ್ಯತೆ ಪಡೆದ ಈ ಕಲೆಯನ್ನು ಚಿತ್ರಗಾರ ಮನೆತನಗಳು ಇಂದಿಗೂ ಕೊಪ್ಪಳದ ಪಕ್ಕದ ಕಿನ್ನಾಳ ಗ್ರಾಮದಲ್ಲಿ ನಡೆಸಿಕೊಂಡು ಬಂದಿವೆ, ಅದಕ್ಕೆ ಬೇಕಾಗುವ ಸಾಮಗ್ರಿಯಲ್ಲಿ ಬಹುಪಾಲು ಊರಲ್ಲೇ ದೊರೆಯುತ್ತದೆ.

ಆರಂಭಿಸುವ ಮೊದಲು ಪಾಲಕರಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸಬೇಕು. ಚಿತ್ರಕಲೆ ಮತ್ತು ಕಾರ್ಯಾನುಭವಗಳ ಮೌಲ್ಯಮಾಪನ ಶಾಲೆಯ ಹಂತದಲ್ಲೇ ನಡೆಯುತ್ತದೆ. ಅದು ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕಗಳೊಳಗೆ ಸೇರುವುದಿಲ್ಲ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯುಎಫ್) ಅಡಿಯಲ್ಲಿ ಕೆಲವು ಶಾಲೆಗಳಿಗೆ ಮಂಜೂರಾಗಿರುವ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್ ಮುಂತಾದ ವೃತ್ತಿ ವಿಷಯಗಳು ಬೇರೆ. ಅವನ್ನು ತೃತೀಯ ಭಾಷೆಯ ಬದಲಿಗೆ ಆಯ್ದುಕೊಳ್ಳಬಹುದು, ಅವುಗಳಿಗೆ ಪರೀಕ್ಷೆಯೂ ಅಂಕವೂ ಇವೆ. ಇವೆರಡನ್ನು ಒಂದೇ ಎಂದು ತಿಳಿದು ಸೇರಿದ ಮಗು ಹತ್ತನೆಯ ತರಗತಿಯಲ್ಲಿ ಪೇಚಿಗೆ ಸಿಲುಕುತ್ತದೆ. ಆದ್ದರಿಂದ ಕಸುಬಿನ ತರಗತಿಯನ್ನು ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಸೀಮಿತಗೊಳಿಸುವುದು ಒಳ್ಳೆಯದು.

ನಂತರದ ಪ್ರಶ್ನೆ ವೇಳೆಯದು. ಒಂದೇ ಅವಧಿಯಲ್ಲಿ ಸಾಮಾನು ಹರಡಿ, ಕೈ ತೊಳೆದು, ಎತ್ತಿಡುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಚಿತ್ರಕಲೆ ಮತ್ತು ವೃತ್ತಿ ಶಿಕ್ಷಣದ ಅವಧಿಗಳನ್ನು ಅಕ್ಕಪಕ್ಕಕ್ಕೆ ತಂದು ವಾರಕ್ಕೊಮ್ಮೆ ಜೋಡಿ ಅವಧಿ ಮಾಡಿಕೊಡುವಂತೆ ಮುಖ್ಯಗುರುಗಳನ್ನು ಜೂನ್ ತಿಂಗಳಲ್ಲೇ, ವೇಳಾಪಟ್ಟಿ ಗೋಡೆಗೆ ಏರುವ ಮುನ್ನವೇ ಕೇಳಬೇಕು. ತಿಂಗಳ ಮೂರನೆಯ ಶನಿವಾರ ಬ್ಯಾಗ್ ಇಲ್ಲದೆ ನಡೆಯುವ ಸಂಭ್ರಮ ಶನಿವಾರವನ್ನು ದೀರ್ಘ ಕೆಲಸಗಳಿಗೆ ಮೀಸಲಿಡಬಹುದು.

ಈ ಕಲೆಯ ಜೀವಾಳ ಕಿಟ್ಟ. ಗೋಣಿತಟ್ಟಿನ ಚೂರುಗಳನ್ನು ನೆನೆಸಿ, ಎಳೆಎಳೆಯಾಗಿ ಬಿಡಿಸಿ, ಒಣಗಿಸಿ ಪುಡಿಮಾಡಿ, ಅದಕ್ಕೆ ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟನ್ನು ಕಲಸಿದರೆ ಗೊಂಬೆಯ ಮೈಮೇಲೆ ಮೆತ್ತಬಹುದಾದ ಮಿಶ್ರಣ ಸಿದ್ಧವಾಗುತ್ತದೆ. ಬಿಸಿಯೂಟದ ಅಕ್ಕಿಯ ಖಾಲಿ ಚೀಲಗಳು ಶಾಲೆಯಲ್ಲೇ ಕಣ್ಣಿಗೆ ಬೀಳುತ್ತವೆಯಾದರೂ ಅವುಗಳಿಗೆ ಕೈಹಾಕಬೇಡಿ. ಖಾಲಿ ಚೀಲಕ್ಕೂ ಲೆಕ್ಕವಿರುತ್ತದೆ. ಮಕ್ಕಳು ಮನೆಯಿಂದ ಹರಿದ ಗೋಣಿಚೀಲ ತಂದರೆ ಸಾಕು. ಹೊಟ್ಟು ಕಟ್ಟಿಗೆ ಅಡ್ಡೆಯಲ್ಲಿ ಸಿಗುತ್ತದೆ. ಅದನ್ನು ಸಾಣಿಗೆಯಲ್ಲಿ ಹಿಡಿದು ನುಣುಪಾದ ಭಾಗವನ್ನಷ್ಟೇ ಬಳಸಬೇಕು, ಜರಡಿಯಾಡುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಅಂಟಿನ ವಿಷಯದಲ್ಲಿ ಅವಸರ ಸಲ್ಲದು. ಹುಣಸೆಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ರಾತ್ರಿಯಿಡೀ ನೆನೆಹಾಕಿ, ನುಣ್ಣಗೆ ಅರೆದು, ನೀರು ಬೆರೆಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕುದಿಸಬೇಕು. ಸೌಟಿನಿಂದ ಎಳೆಯಾಗಿ ಇಳಿಯುವ ಹದ ಬಂದಾಗ ಇಳಿಸಬೇಕು. ಸಿಪ್ಪೆ ಉಳಿದರೆ ಅಂಟು ಕಂದಾಗಿ, ತರಿತರಿಯಾಗಿ ಬರುತ್ತದೆ. ಈ ಅಂಟು ಬೇಗ ಹಳಸಿ ನಾರುವುದರಿಂದ ಆಯಾ ದಿನಕ್ಕೆ ಬೇಕಾದಷ್ಟನ್ನೇ ಕುದಿಸಬೇಕು. ಅಂಗಡಿಯ ಫೆವಿಕಾಲ್ ಬಳಸಿದರೆ ಆಗದೇ ಎಂದು ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ. ಗೊಂಬೆಯೇನೋ ಆಗುತ್ತದೆ, ಆದರೆ ಬೀಜದಿಂದ ಅಂಟು ಹೊರಡುವುದನ್ನು ಕಣ್ಣಾರೆ ಕಂಡ ಮಗುವಿಗೆ ವಿಜ್ಞಾನದ ಪಿಷ್ಟ, ಸಕ್ಕರೆಗಳ ಪಾಠವನ್ನು ಪ್ರತ್ಯೇಕವಾಗಿ ಒತ್ತಿ ಹೇಳಬೇಕಾಗುವುದಿಲ್ಲ.

ಸಾಂಪ್ರದಾಯಿಕ ಕ್ರಮದಲ್ಲಿ ಹಗುರವಾದ ಮರವನ್ನು ಕೆತ್ತಿ ಬಿಡಿ ಭಾಗಗಳನ್ನು ಮಾಡಿ, ಅವನ್ನು ಜೋಡಿಸಿ, ಮೇಲೆ ಕಿಟ್ಟ ಮೆತ್ತಿ, ಹುಣಸೆಬೀಜದ ಅಂಟಿನಿಂದ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು ಬಣ್ಣಕ್ಕೆ ನೆಲೆ ಸಿದ್ಧಮಾಡುತ್ತಾರೆ. ಗರುಡನ ಮೂರ್ತಿಗೆ 12 ಬಿಡಿ ಭಾಗಗಳು, ಪೀಠದ ಮೇಲೆ ಕುಳಿತ ಗಣಪನಿಗೆ 22 ಭಾಗಗಳು ಎಂಬ ಲೆಕ್ಕವಿದೆ. ಶಾಲೆಯ ಮಕ್ಕಳನ್ನು ಮೊದಲ ವರ್ಷವೇ ಅಲ್ಲಿಗೆ ಒಯ್ಯಬಾರದು. ಎಂಟನೆಯ ತರಗತಿಗೆ ಉಳಿ, ಕೊಡತಿಗಳ ಸಹವಾಸವೇ ಬೇಡ. ಬಡಗಿಯ ಬಳಿ ಉಳಿದ ಮರದ ತುಂಡನ್ನೇ ಒಳಗಿಟ್ಟು ಗಿಳಿ, ಎತ್ತು, ಆನೆಯಂತಹ ಸರಳ ಆಕಾರಗಳನ್ನು ಕಿಟ್ಟದಲ್ಲೇ ಕಟ್ಟಿಸಬೇಕು. ಕೆತ್ತನೆ ಒಂಬತ್ತನೆಯ ತರಗತಿಗೆ ಇರಲಿ, ಅಲ್ಲಿಯೂ ಒಮ್ಮೆಗೆ ನಾಲ್ಕೈದು ಮಕ್ಕಳು ಮಾತ್ರ ಉಳಿ ಹಿಡಿಯಲಿ, ಉಳಿದವರು ಲೇಪದ ಕೆಲಸದಲ್ಲಿರಲಿ. ಕಲ್ಲಿನ ಪುಡಿಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದರ ಬದಲಿಗೆ ಸೀಮೆಸುಣ್ಣದ ಪುಡಿಯನ್ನು ಅಂಟಿನೊಂದಿಗೆ ಕಲಸಿದರೆ ಶಾಲೆಯ ಮಟ್ಟಿಗೆ ಸಾಕಾಗುತ್ತದೆ. ಇದೇ ಲೇಪವನ್ನು ಗಟ್ಟಿಯಾಗಿ ಕಲಸಿ, ಕಡ್ಡಿಯ ತುದಿಯಿಂದ ಚುಕ್ಕಿಯಿಟ್ಟು, ಎಳೆಯಾಗಿ ಹರಿಸಿ ಸರ, ಬಳೆ, ಜೂಲುಗಳನ್ನು ಉಬ್ಬಾಗಿ ಮೂಡಿಸುವುದು ಮಕ್ಕಳು ಅತ್ಯಂತ ಇಷ್ಟಪಡುವ ಹಂತ.

ಒಣಗಿಸುವುದೂ ಒಂದು ಪಾಠವೇ ಆಗಿದೆ. ನಮ್ಮ ಕಡೆಯ ಬಿಸಿಲಿಗೆ ನೇರವಾಗಿ ಇಟ್ಟರೆ ಹೊರಮೈ ಮೊದಲು ಬಿಗಿದು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ವರಾಂಡದ ನೆರಳಲ್ಲಿ ಇಟ್ಟು, ದಿನಕ್ಕೊಮ್ಮೆ ಮಗ್ಗುಲು ಬದಲಿಸುವ ಜವಾಬ್ದಾರಿಯನ್ನು ಮಕ್ಕಳಿಗೆ ಸರದಿಯಂತೆ ಹಂಚಬೇಕು. ಪೂರ್ತಿ ಒಣಗದ ಗೊಂಬೆಗೆ ಬಣ್ಣ ಹಚ್ಚಿದರೆ ಬಣ್ಣ ಪಕಳೆಯಾಗಿ ಏಳುತ್ತದೆ.

ಕಲಿಸಲು ಕಲಾವಿದರನ್ನೇ ಕರೆಯುವುದು ಉತ್ತಮ. ಗೌರವಧನ, ಪ್ರಯಾಣ ವೆಚ್ಚ, ಬರುವ ದಿನಗಳು, ಇವಿಷ್ಟನ್ನೂ ಮೊದಲೇ ಮಾತಾಡಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿಯಲ್ಲಿ ಬರೆಸಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ದುಡಿಮೆಗೆ ಕೂಲಿಯಲ್ಲ. ಮನೆತನದೊಳಗೆ ಉಳಿದುಬಂದ ವಿದ್ಯೆಯಾದ್ದರಿಂದ ಯಾವ ಹಂತವನ್ನು ಹೊರಗಿನವರಿಗೆ ತೋರಿಸಬೇಕೆಂಬುದನ್ನು ಅವರೇ ನಿರ್ಧರಿಸಲಿ. ಚಿತ್ರಗಾರ ಮನೆಯ ಮಗು ತರಗತಿಯಲ್ಲಿದ್ದರೆ ಅದನ್ನು ಪುಕ್ಕಟೆ ಸಹಾಯಕನನ್ನಾಗಿ ಮಾಡಿಕೊಳ್ಳಬಾರದು. ಆ ಮಗುವಿಗೂ ತನ್ನ ಗೊಂಬೆಯನ್ನು ತಾನೇ ಮಾಡಿ ಮುಗಿಸುವಷ್ಟು ಸಮಯ ಸಿಗಬೇಕು. ಶಾಲೆಯ ಪ್ರದರ್ಶನದಲ್ಲಿ ಗೊಂಬೆಗಳನ್ನು ಮಾರುವುದಾದರೆ ಅವಕ್ಕೆ ಕಿನ್ನಾಳದ ಗೊಂಬೆ ಎಂಬ ಹೆಸರಿಡಬೇಡಿ. ಭೌಗೋಳಿಕ ಸೂಚಕ ಇರುವ ಹೆಸರನ್ನು ಬಳಸಿ ಮಾರುವ ಹಕ್ಕು ನೋಂದಾಯಿತ ಬಳಕೆದಾರರದ್ದು.

ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳು ಬೇರೆ ಕಸುಬನ್ನು ನೋಡಬಹುದು. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಹೊಲಿಗೆ, ಸಂಡೂರಿನ ಸುತ್ತ ಲಂಬಾಣಿ ಕಸೂತಿ ಸಹಜವಾಗಿ ಒದಗುತ್ತವೆ. ನಾಟಕದ ಆಸಕ್ತಿಯಿದ್ದರೆ ತೊಗಲುಗೊಂಬೆಯಾಟವಿದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ತೊಗಲಿನ ಬದಲು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಬಿಳಿ ಪಂಚೆಯ ಹಿಂದೆ ದೀಪವಿಟ್ಟು ನೆರಳಿನ ಆಟವನ್ನು ಕಲಿಸಬಹುದು, ಬಣ್ಣದ ಬೆಳಕು ಮಾತ್ರ ಅದರಲ್ಲಿ ಬಾರದು.

ಶ್ರೇಣಿ ಕೊಡುವಾಗ ಮುಗಿದ ಗೊಂಬೆಯ ಅಂದವನ್ನಷ್ಟೇ ನೋಡಿದರೆ ಮನೆಯಲ್ಲಿ ಅಣ್ಣನೋ ಅಕ್ಕನೋ ತಿದ್ದಿಕೊಟ್ಟದ್ದಕ್ಕೆ ಮೇಲಿನ ದರ್ಜೆ ಹೋಗುತ್ತದೆ. ಪ್ರತಿ ಮಗುವೂ ಒಂದು ನೋಟ್‌ಪುಸ್ತಕದಲ್ಲಿ ಅಂಟಿನ ಹದ, ಒಣಗಿದ ದಿನಗಳು, ಬಿರುಕು ಬಂದ ಜಾಗ, ಅದನ್ನು ಸರಿಪಡಿಸಿದ ಬಗೆಗಳನ್ನು ಬರೆದಿಡಲಿ, ಶ್ರೇಣಿಯ ಅರ್ಧ ಭಾಗ ಆ ಪುಸ್ತಕಕ್ಕೆ ಸಲ್ಲಲಿ. ಒಡೆದ ಗೊಂಬೆಯನ್ನು ಎಸೆಯದೆ ಕಪಾಟಿನಲ್ಲಿಟ್ಟರೆ ಒಳಗಿನ ಪದರಗಳನ್ನು ಮುಂದಿನ ವರ್ಷದವರಿಗೆ ತೋರಿಸಲು ಬರುತ್ತದೆ.

ಜೂನ್‌ನಲ್ಲಿ ತರಗತಿ ತೆರೆದಾಗ ಹುಣಸೆಬೀಜ ಹುಡುಕಿದರೆ ಸಿಗುವುದಿಲ್ಲ. ಬೇಸಿಗೆಯ ಆರಂಭದಲ್ಲಿ ಮನೆಮನೆಯಲ್ಲೂ ಹುಣಸೆಹಣ್ಣು ಬಡಿದು ಬೀಜ ತೆಗೆಯುವಾಗಲೇ ಪ್ರತಿ ಮಗುವಿಗೂ ಒಂದು ಸೇರು ತರಲು ಹೇಳಿ, ಬಿಸಿಲಿಗೆ ಹಾಕಿ, ಬಾಯಿ ಬಿಗಿಯಾದ ಡಬ್ಬಿಯಲ್ಲಿ ತುಂಬಿ, ಮೇಲೆ ವರ್ಷ ಬರೆದು ರಜೆಗೆ ಮೊದಲು ಬೀಗದೊಳಗಿಡಬೇಕು.